ಬೈಪಾಸ್ ನಂತರದ ವ್ಯಾಯಾಮ ತರಗತಿ: ಸುರಕ್ಷತೆಗೆ ಪೂರ್ಣ ಅಂಕ, ಮುಂದುವರಿಕೆಗೆ ಅರ್ಧ

ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿ ಆಗಿ ಮೊದಲ ಕೆಲವು ತಿಂಗಳ ಆರೈಕೆ ಮುಗಿಸಿದವರಿಗಾಗಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದು ವಾರಕ್ಕೆರಡು ಬೆಳಿಗ್ಗೆ ವ್ಯಾಯಾಮ ತರಗತಿ ನಡೆಸುತ್ತದೆ. ನಮ್ಮ ತಂದೆಯವರು ಬಹುಕಾಲದಿಂದ ಅಲ್ಲಿಗೆ ಹೋಗುತ್ತಿದ್ದು, ಜೊತೆಗೆ ಹೋಗುವ ನಾನು ಬದಿಯಲ್ಲಿ ಕುಳಿತು ಎಲ್ಲವನ್ನೂ ಗಮನಿಸುತ್ತ ಬಂದಿದ್ದೇನೆ.

ಮೊದಲು ಮೆಚ್ಚಬೇಕಾದದ್ದು, ಯಾರು ಎಷ್ಟು ಶ್ರಮಪಡಬೇಕೆಂದು ಇಲ್ಲಿ ನಿರ್ಧರಿಸುವ ಕ್ರಮವನ್ನು. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಬಡಿತ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲವಾದ್ದರಿಂದ, 220ರಲ್ಲಿ ವಯಸ್ಸನ್ನು ಕಳೆದು ಗುರಿ ಹಾಕುವ ಜಿಮ್ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅದಕ್ಕೆ ಬದಲಾಗಿ, ಶ್ರಮ ಎಷ್ಟೆನಿಸುತ್ತದೆಂದು ವ್ಯಾಯಾಮ ಮಾಡುವವರೇ ಅಂಕದಲ್ಲಿ ಹೇಳುವ 6ರಿಂದ 20ರವರೆಗಿನ ಬೋರ್ಗ್ ಮಾಪಕವನ್ನು ಟ್ರೆಡ್‌ಮಿಲ್ ಎದುರಿನ ಗೋಡೆಯ ಮೇಲೆ ಕನ್ನಡದಲ್ಲಿಯೇ ದೊಡ್ಡದಾಗಿ ಬರೆಸಿದ್ದಾರೆ: 11ಕ್ಕೆ ‘ಹಗುರ’, 13ಕ್ಕೆ ‘ಸ್ವಲ್ಪ ಕಷ್ಟ’, 15ಕ್ಕೆ ‘ಕಷ್ಟ’. ಫಿಸಿಯೋಥೆರಪಿಸ್ಟ್ ಪಕ್ಕಕ್ಕೆ ಬಂದು “ಸರ್, ಈಗ ಎಷ್ಟು ಅನ್ಸುತ್ತೆ?” ಎಂದು ಕೇಳುತ್ತಾರೆ, ತಂದೆಯವರು “ಹನ್ನೆರಡು” ಎಂದರೆ ಅಷ್ಟಕ್ಕೇ ಬಿಡದೆ, ಬೆಳಿಗ್ಗೆ ತಿಂಡಿ ಏನಾಯಿತೆಂದು ವಿಚಾರಿಸಿ, ಉತ್ತರ ಹೇಳುವಾಗ ಉಸಿರು ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಕೊನೆಯಲ್ಲಿ ಯಾರನ್ನೂ ತಟ್ಟನೆ ನಿಲ್ಲಲು ಬಿಡುವುದಿಲ್ಲ. ಶ್ರಮದಿಂದ ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ಕಾಲಿನ ಕಡೆಗೇ ಉಳಿದು, ರಕ್ತದೊತ್ತಡ ಕುಸಿದು ತಲೆಸುತ್ತು ಬರಬಹುದೆಂಬ ಕಾರಣಕ್ಕೆ ಹತ್ತು ನಿಮಿಷ ನಿಧಾನವಾಗಿ ನಡೆಸಿಯೇ ಕೂರಿಸುತ್ತಾರೆ. ಹೃದಯದ ಬಡಿತ ಅಪಾಯಕರವಾಗಿ ತಪ್ಪಿದರೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರ ಕೋಣೆಯೊಳಗೇ ಇದೆ. ಶುಲ್ಕ ನಿವೃತ್ತರಿಗೆ ಹೊರೆಯಾಗುವಂಥದ್ದಲ್ಲ.

ನನ್ನ ಆಕ್ಷೇಪವಿರುವುದು ಹಳಬರ ವಿಷಯದಲ್ಲಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆಯಲು ಸೇರುವಾಗ ಮಾಡಿಸಿದ ನಡಿಗೆ ಪರೀಕ್ಷೆಯನ್ನು ಮತ್ತೆ ಮಾಡಿಸಿಲ್ಲ. ಅಂದು ಗೊತ್ತುಪಡಿಸಿದ ಟ್ರೆಡ್‌ಮಿಲ್ ವೇಗವೇ ಇಂದಿಗೂ ನಡೆದಿದೆ. ದೇಹ ಒಗ್ಗಿಕೊಂಡಂತೆ ಮೊದಲು 13 ಎನಿಸುತ್ತಿದ್ದ ನಡಿಗೆ 10 ಎನಿಸತೊಡಗುತ್ತದೆ, ಆಗ ಅದೇ ವೇಗದಿಂದ ಶಕ್ತಿ ಹೆಚ್ಚುವುದಿಲ್ಲ. ಬೈಪಾಸ್‌ಗಾಗಿ ಕೊಯ್ದ ಎದೆಮೂಳೆ ಕೂಡಿ ಎಷ್ಟೋ ಕಾಲವಾದವರಿಗೂ ರಬ್ಬರ್ ಪಟ್ಟಿಯ ಅಥವಾ ಹಗುರ ಡಂಬೆಲ್‌ನ ವ್ಯಾಯಾಮ ಹೇಳಿಕೊಡುತ್ತಿಲ್ಲ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಬೇಕಾಗುವುದು ಆ ಸ್ನಾಯುಬಲವೇ ಅಲ್ಲವೇ?

ಇನ್ನೂ ದೊಡ್ಡ ಕೊರತೆ ಉಳಿದ ಐದು ದಿನಗಳದ್ದು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಇಲ್ಲಿಯ ಎರಡು ತರಗತಿಗಳಲ್ಲಿ ಆರಂಭದ ಮತ್ತು ಕೊನೆಯ ಹಗುರ ಭಾಗಗಳನ್ನು ಬಿಟ್ಟರೆ ಸಿಗುವುದು ಸುಮಾರು 60 ನಿಮಿಷ. ಮಿಕ್ಕ 90 ನಿಮಿಷ ಮನೆಯ ಕಡೆಯೇ ಆಗಬೇಕು, ಆದರೆ ಅದು ಆಯಿತೇ ಎಂದು ಯಾರೂ ಕೇಳುವುದಿಲ್ಲ. ಕೆಲವರು ದಿನವೂ ಕುಕ್ಕರಹಳ್ಳಿ ಕೆರೆ ಸುತ್ತಿ ಬರುತ್ತಾರೆ. ಇನ್ನು ಕೆಲವರು ತರಗತಿ ಮುಗಿಸಿದರೆ ವಾರದ ವ್ಯಾಯಾಮವೇ ಮುಗಿಯಿತೆಂದುಕೊಂಡು ದಿನವಿಡೀ ಟಿವಿ ಮುಂದೆ ಕುಳಿತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಗುರುತು. ನಡಿಗೆಯ ನಿಮಿಷಗಳನ್ನು ಬರೆದಿಡಲು ಒಂದು ಪುಟದ ಡೈರಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಇಷ್ಟಾದರೂ ಒಬ್ಬರೇ ವ್ಯಾಯಾಮ ಮಾಡಲು ಹೆದರುವವರಿಗೆ ನಾನು ಈ ತರಗತಿಯನ್ನೇ ಹೇಳುತ್ತೇನೆ. ನಡಿಗೆ ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡುತ್ತೀರಿ, ವೈದ್ಯರ ಒಪ್ಪಿಗೆ ಪಡೆದು ವೇಗವನ್ನು ಹೇಗೆ ಏರಿಸುತ್ತೀರಿ ಎಂಬೆರಡನ್ನು ಮಾತ್ರ ಸೇರುವ ದಿನವೇ ಕೇಳಿ ಬರೆಸಿಕೊಳ್ಳಿ.