ಹಳೆಯ ಗಾಡಿಗಳ ಮೇಳದಲ್ಲಿ ಬಿಡಿಭಾಗಗಳನ್ನು ಒಟ್ಟು ಲಾಟಿನ ಬೆಲೆಗೆ ಕೊಳ್ಳಬೇಡಿ

ಕಳೆದ ವರ್ಷ ಮೈಸೂರಿನ ಹೊರವಲಯದ ಮೈದಾನವೊಂದರಲ್ಲಿ ನಡೆದ ಹಳೆಯ ಮೋಟಾರ್‌ಸೈಕಲ್‌ಗಳ ಮೇಳದಲ್ಲಿ ನಾನು 27,000 ರೂಪಾಯಿ ಕೊಟ್ಟು ನಮ್ಮ ತಂದೆಯವರ ಜಾವಾ ಗಾಡಿಗೆ ಬಿಡಿಭಾಗಗಳನ್ನು ಕೊಂಡೆ. ಅವುಗಳಲ್ಲಿ ಸೈಲೆನ್ಸರ್ ಜೋಡಿ ಮತ್ತು ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಮಾತ್ರ ಕೆಲಸಕ್ಕೆ ಬಂದವು. ಪೆಟ್ರೋಲ್ ಟ್ಯಾಂಕು ಸೋರಿತು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನಿಂದಾಗಿ ಎಂಜಿನ್ ಕೆಟ್ಟಿತು, ವ್ಯಾಪಾರಿ ಉಚಿತವೆಂದು ಕೊಟ್ಟಿದ್ದ ಇನ್ನೊಂದು ವಸ್ತುವನ್ನು ನಾನೇ ಪೊಲೀಸ್ ಠಾಣೆಗೆ ಕೊಂಡೊಯ್ದು ಒಪ್ಪಿಸಬೇಕಾಯಿತು. ಹಣ ಹೋದದ್ದಕ್ಕಿಂತ, ನಾನು ಚೌಕಾಸಿ ಮಾಡಿದ ರೀತಿಯಿಂದಲೇ ಅದನ್ನು ಮರಳಿ ಕೇಳುವ ದಾರಿಯನ್ನು ಮುಚ್ಚಿಕೊಂಡೆನೆಂಬುದು ನನ್ನನ್ನು ಹೆಚ್ಚು ನೋಯಿಸಿದೆ. ಮೈಸೂರು, ಮಂಡ್ಯ ಭಾಗದಲ್ಲಿ ಇಂಥ ಗಾಡಿಗಳನ್ನು ಉಳಿಸಿಕೊಂಡಿರುವವರು ಬಹಳ ಮಂದಿ ಇರುವುದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದಿನಿಂದ ಈ ಗಾಡಿಗಳಿಗೆ ಕಂಪನಿಯ ಬಿಡಿಭಾಗ ಬರುವುದು ನಿಂತುಹೋಯಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಈಗಿನ ಗಾಡಿಗಳದು ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನ್. ಅದರ ಯಾವ ಭಾಗವೂ ನಮ್ಮ ಎರಡು ಸ್ಟ್ರೋಕಿನ 249 ಸಿಸಿ ಎಂಜಿನ್ನಿಗೆ ಕೂರುವುದಿಲ್ಲ. ಹೀಗಾಗಿ ನಮಗೆ ದೊರೆಯುವುದು ಯಾರದೋ ಗೋದಾಮಿನಲ್ಲಿ ಉಳಿದಿದ್ದ ಹಳೆಯ ಸ್ಟಾಕು, ಗುಜರಿಗೆ ಹೋದ ಗಾಡಿಗಳಿಂದ ಬಿಚ್ಚಿದ ಮಾಲು, ಇಲ್ಲವೇ ಈಚೆಗೆ ಸಣ್ಣ ವರ್ಕ್‌ಶಾಪುಗಳಲ್ಲಿ ನೋಡಿ ಮಾಡಿದ ಮಾಲು. ಈ ಮೂರಕ್ಕೂ ಬೆಲೆಯಲ್ಲಿ ಅಜಗಜಾಂತರವಿದೆ. ಒಂದನ್ನು ಇನ್ನೊಂದೆಂದು ನಂಬಿಸಿ ಮಾರುವುದಕ್ಕೆ ಮೇಳದ ಗದ್ದಲ ಬಹಳ ಅನುಕೂಲವಾದ ಜಾಗ.

ಹೊರ ರಾಜ್ಯದ ನೋಂದಣಿಯಿದ್ದ ವ್ಯಾನಿನ ಪಕ್ಕದಲ್ಲಿ ಟಾರ್ಪಾಲು ಹಾಸಿ ಕುಳಿತಿದ್ದ ಆ ವ್ಯಾಪಾರಿ ಬಹಳ ವಿನಯದಿಂದ ಮಾತನಾಡಿಸಿದರು. ಯಾವ ವರ್ಷದ ಗಾಡಿ, ಯಾರದು, ಎಷ್ಟು ದಿನದಿಂದ ನಿಂತಿದೆ ಎಂದು ಒಂದೊಂದಾಗಿ ಕೇಳಿದರು. ನಾನೂ ಮನಸ್ಸು ಬಿಚ್ಚಿ, 1968ರ ಗಾಡಿ, ತಂದೆಯವರಿಗೆ ಈಗ ವಯಸ್ಸಾಗಿದೆ, ಅವರು ಇರುವಾಗಲೇ ಒಮ್ಮೆ ಅದರ ಸದ್ದು ಕೇಳಿಸಬೇಕೆಂಬ ಆಸೆ, ಒಂದು ವರ್ಷದಿಂದ ಜಿಕೋವ್ ಕಂಪನಿಯ ಕಾರ್ಬುರೇಟರಿಗಾಗಿ ಹುಡುಕುತ್ತಿದ್ದೇನೆ ಎಂದೆಲ್ಲ ಹೇಳಿಬಿಟ್ಟೆ. ಬೆಲೆಯ ಮಾತಿಗೆ ಮೊದಲೇ ನನ್ನ ಅಗತ್ಯವನ್ನೂ ಅವಸರವನ್ನೂ ಅವರ ಕೈಗೆ ಕೊಟ್ಟಂತಾಯಿತು. "ತಂದೆಯವರ ಗಾಡಿ ಅಂತೀರಾ ಸಾರ್, ನಿಮ್ಮ ಹತ್ತಿರ ನಾನು ಲಾಭ ನೋಡಲ್ಲ" ಎಂದು ಹೇಳಿ ಕಾರ್ಬುರೇಟರ್, ಟ್ಯಾಂಕು, ಸೈಲೆನ್ಸರ್ ಜೋಡಿ ಮತ್ತು ಕ್ರ್ಯಾಂಕನ್ನು ಒಂದೆಡೆ ಜೋಡಿಸಿಟ್ಟು, ನಾಲ್ಕಕ್ಕೂ ಸೇರಿ 42,000 ಎಂದರು.

ನಾನು ಪ್ರತಿಯೊಂದರ ಬೆಲೆಯನ್ನು ಬೇರೆಬೇರೆಯಾಗಿ ಕೇಳಿದೆ. ಬಿಡಿಯಾಗಿ ಕೊಟ್ಟರೆ ಗಿಟ್ಟುವುದಿಲ್ಲ, ಲಾಟಾಗಿ ತೆಗೆದುಕೊಂಡರೆ ಮಾತ್ರ ಇಳಿಸಬಹುದು ಎಂದರು. ಅಲ್ಲಿಯೇ ನಾನು ನಿಲ್ಲಬೇಕಿತ್ತು. 42 ಇದ್ದದ್ದು 36ಕ್ಕೆ, ಅಲ್ಲಿಂದ 31ಕ್ಕೆ ಇಳಿಯುತ್ತಿದ್ದಂತೆ ನನ್ನ ಗಮನವೆಲ್ಲ ಆ ಒಂದು ಅಂಕಿಯ ಮೇಲೆ ನೆಟ್ಟಿತು. ವಸ್ತುಗಳನ್ನು ಕೈಗೆತ್ತಿಕೊಂಡು ನೋಡುವುದನ್ನೇ ಮರೆತೆ. ಅಷ್ಟರಲ್ಲಿ ಇನ್ನೊಬ್ಬರು ಬಂದು ಅದೇ ಕಾರ್ಬುರೇಟರನ್ನು ಎತ್ತಿ ನೋಡಿ, ಹಣ ತೆಗೆದುಕೊಂಡು ಬರುತ್ತೇನೆಂದು ಹೇಳಿ ಹೋದರು. ಅದೇ ವ್ಯಕ್ತಿ ಸಂಜೆ ಆ ವ್ಯಾನಿಗೆ ಸಾಮಾನು ತುಂಬುತ್ತಿದ್ದುದನ್ನು ನನ್ನ ಸ್ನೇಹಿತರು ಕಂಡಿದ್ದಾರೆ. ನನಗೆ ಅದು ತಿಳಿದದ್ದು ಎರಡು ದಿನಗಳ ನಂತರ. ಕೊನೆಗೆ 27,000ಕ್ಕೆ ಮಾತು ಮುಗಿಯಿತು. ಕೈ ಕುಲುಕುವಾಗ ವ್ಯಾಪಾರಿ ಒಂದು ಖಾಲಿ ಕ್ರ್ಯಾಂಕ್‌ಕೇಸನ್ನೂ (ಕ್ರ್ಯಾಂಕ್ ಕೂರುವ ಎಂಜಿನ್ನಿನ ಹೊರಕವಚ) ಎತ್ತಿಕೊಟ್ಟು "ಇದು ನನ್ನ ಕಡೆಯಿಂದ, ಇಟ್ಟುಕೊಳ್ಳಿ ಸಾರ್" ಎಂದರು. ಬಿಲ್ಲು ಕೇಳಿದ್ದಕ್ಕೆ, ಮೇಳದಲ್ಲಿ ಯಾರೂ ಬಿಲ್ ಪುಸ್ತಕ ತರುವುದಿಲ್ಲ ಎಂಬ ಉತ್ತರ ಬಂತು. ಯುಪಿಐಯಲ್ಲಿ ಹಣ ಕಳಿಸಿದಾಗ ಮೊಬೈಲಿನಲ್ಲಿ ಕಂಡ ಹೆಸರು ಅವರು ಹೇಳಿದ ಹೆಸರಾಗಿರಲಿಲ್ಲ. ಅದನ್ನು ನಾನು ಗಮನಿಸಿದರೂ ಪ್ರಶ್ನಿಸಲಿಲ್ಲ.

ಕಾರ್ಬುರೇಟರನ್ನು ಕೂರಿಸಿದ ಮೊದಲ ವಾರ ಗಾಡಿ ಚೆನ್ನಾಗಿಯೇ ಓಡಿತು. ಎರಡನೆಯ ವಾರ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತಿದ್ದಾಗ ಎಂಜಿನ್ ಒಮ್ಮೆಲೇ ಬಿಗಿಯಿತು, ಹಿಂದಿನ ಚಕ್ರ ತಿರುಗದೆ ಎಳೆದುಕೊಂಡು ಹೋಯಿತು. ತಕ್ಷಣ ಕ್ಲಚ್ ಹಿಡಿದದ್ದರಿಂದಲೂ ಹಿಂದೆ ಲಾರಿ ಇರದಿದ್ದುದರಿಂದಲೂ ನಾನು ಉಳಿದೆ. ಮಂಡಿ ಮೊಹಲ್ಲಾದ ನಮ್ಮ ಮೇಸ್ತ್ರಿಯವರು ಎಲ್ಲವನ್ನೂ ಬಿಚ್ಚಿ ಕಾರಣ ತೋರಿಸಿದರು. ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಆಡುವ ಸ್ಲೈಡನ್ನು ಹೊಸದಾಗಿ ಹಾಕಲಾಗಿತ್ತು, ಆದರೆ ಅದು ಆಡುವ ಬಾಡಿಯ ಕೊರೆತ ದಶಕಗಳ ಬಳಕೆಯಿಂದ ಸವೆದು ಅಗಲವಾಗಿತ್ತು. ಹೊರಗೆ ಬಫ್ ಹೊಡೆಸಿ ಹೊಳಪು ಕೊಟ್ಟಿದ್ದರಿಂದ ನೋಡುವವರಿಗೆ ಅದು ಪೆಟ್ಟಿಗೆಯಿಂದ ಈಗಷ್ಟೇ ತೆಗೆದಂತೆ ಕಾಣುತ್ತಿತ್ತು. ಸವೆದ ಸಂದಿನಿಂದ ಹೆಚ್ಚುವರಿ ಗಾಳಿ ಒಳಹೊಕ್ಕಾಗ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ. ನಮ್ಮ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನೊಂದಿಗೇ ಬೆರೆತು ಹೋಗಬೇಕಾದುದರಿಂದ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ಆಯಿಲ್ಲೂ ಕಡಿಮೆಯಾಗುತ್ತದೆ. ಕಾವು ಏರಿ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ ಅಗಲಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಬೇಕಾಯಿತು. ಕಾರ್ಖಾನೆಯಿಂದ ಬಂದ 65 ಮಿಲಿಮೀಟರಿನ ಆ ಮೂಲ ಸಿಲಿಂಡರನ್ನು ತಂದೆಯವರು ಇಷ್ಟು ವರ್ಷ ಒಮ್ಮೆಯೂ ಬೋರ್ ಮಾಡಿಸದೆ ಕಾಪಾಡಿದ್ದರು. ಅದನ್ನು ಅವರಿಗೆ ತಿಳಿಸುವುದು ನನಗೆ ಬಹಳ ಕಷ್ಟವಾಯಿತು.

ಟ್ಯಾಂಕಿನ ತಳಭಾಗದಲ್ಲಿ ಪುಟ್ಟಿ ಬಳಿದು ಅದರ ಮೇಲೆ ಬಣ್ಣ ಹೊಡೆಯಲಾಗಿತ್ತು. ಒಂದು ತಿಂಗಳಲ್ಲಿ ಪೆಟ್ರೋಲು ಜಿನುಗತೊಡಗಿತು. ಒಂದು ಸಣ್ಣ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಟ್ಯಾಂಕಿನ ಮೇಲೆಲ್ಲ ಆಡಿಸಿದ್ದರೆ ಪುಟ್ಟಿ ದಪ್ಪಗಿದ್ದ ಕಡೆ ಅದು ಹಿಡಿಯುತ್ತಿರಲಿಲ್ಲ, ಅಲ್ಲಿಯೇ ತಿಳಿಯುತ್ತಿತ್ತು. ಕಾರ್ಬುರೇಟರಿಗೂ ಹೆಚ್ಚಿನ ಉಪಕರಣ ಬೇಕಿರಲಿಲ್ಲ. ಸ್ಲೈಡನ್ನು ಕೆಳಕ್ಕೆ ಬಿಟ್ಟು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ, ಸವೆದದ್ದು ಟಕಟಕ ಎಂದು ಆಡುವುದು ಕೈಗೇ ಗೊತ್ತಾಗುತ್ತದೆ.

ವ್ಯಾಪಾರಿಗೆ ಫೋನ್ ಮಾಡಿ, ಕಾರ್ಬುರೇಟರನ್ನು ಹಿಂದಕ್ಕೆ ತೆಗೆದುಕೊಂಡು ಅದರ ಹಣ ಕೊಡಿ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಅದಕ್ಕೆ ನಾನು ಬೆಲೆಯನ್ನೇ ಹಾಕಿಲ್ಲವಲ್ಲ ಸಾರ್, ಲಾಟು ತೆಗೆದುಕೊಂಡಿರಿ, 27,000 ಸೈಲೆನ್ಸರ್‌ಗೂ ಕ್ರ್ಯಾಂಕಿಗೂ ಅಂದುಕೊಳ್ಳಿ, ಅವು ಚೆನ್ನಾಗಿವೆಯಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಒಂದೊಂದು ವಸ್ತುವಿಗೂ ಬೆಲೆ ನಿಗದಿಯಾಗಿದ್ದರೆ ಕೆಟ್ಟದ್ದನ್ನು ಮಾತ್ರ ಹಿಂತಿರುಗಿಸಿ ಇಂತಿಷ್ಟು ಕೊಡಿ ಎನ್ನಬಹುದಿತ್ತು. ನಾನು ಗೆದ್ದೆನೆಂದುಕೊಂಡಿದ್ದ ಆ 15,000 ರೂಪಾಯಿಯ ಇಳಿಕೆಯೂ ಯಾವ ವಸ್ತುವಿನ ಬೆಲೆಯಿಂದ ಇಳಿದದ್ದೆಂದು ಹೇಳಲಾಗದಂಥದ್ದು.

ಉಚಿತವಾಗಿ ಬಂದ ಕ್ರ್ಯಾಂಕ್‌ಕೇಸನ್ನು ನೋಡಿದೊಡನೆ ಮೇಸ್ತ್ರಿಯವರು, ಇದನ್ನು ನನ್ನ ಅಂಗಡಿಯಲ್ಲಿ ಇಡಬೇಡಿ ಎಂದುಬಿಟ್ಟರು. ಎಂಜಿನ್ ಸಂಖ್ಯೆಯನ್ನು ಅಚ್ಚೊತ್ತುವುದು ಆ ಭಾಗದ ಮೇಲೆಯೇ. ಇದರಲ್ಲಿ ಆ ಜಾಗವನ್ನು ಅರದಿಂದ ಉಜ್ಜಿ ಅಳಿಸಲಾಗಿತ್ತು. ಗಾಡಿಯ ಆರ್‌ಸಿಯಲ್ಲಿ ಚಾಸಿ ಸಂಖ್ಯೆಯೊಂದಿಗೆ ಎಂಜಿನ್ ಸಂಖ್ಯೆಯೂ ನಮೂದಾಗಿರುವುದರಿಂದ, ಸಂಖ್ಯೆ ಅಳಿಸಿದ ಎಂಜಿನ್ ಭಾಗವೆಂದರೆ ಕದ್ದ ಗಾಡಿಯದ್ದಿರಬಹುದೆಂಬ ಅನುಮಾನ ಸಹಜ. ಕದ್ದ ಮಾಲೆಂದು ತಿಳಿದು, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದು ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ವಕೀಲರೊಬ್ಬರ ಸಲಹೆಯಂತೆ ಲಿಖಿತ ಹೇಳಿಕೆಯೊಂದಿಗೆ ಅದನ್ನು ಠಾಣೆಗೆ ಒಪ್ಪಿಸಿದೆ. ಚೌಕಾಸಿಯ ಕೊನೆಯಲ್ಲಿ ಪ್ರೀತಿಯಿಂದ ಕೊಟ್ಟಂತೆ ಬರುವ ಇಂಥ ವಸ್ತುವನ್ನು, ವಿಶೇಷವಾಗಿ ಕ್ರ್ಯಾಂಕ್‌ಕೇಸ್, ಚಾಸಿ ಅಥವಾ ನಂಬರ್ ಪ್ಲೇಟನ್ನು, ದಯವಿಟ್ಟು ಮುಟ್ಟಬೇಡಿ.

ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಆ ವಕೀಲರೇ ತಿಳಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಗಳೇ. ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ನೋಟಿಸು ತಲುಪಿಸಲು ಎದುರಾಳಿಯ ವಿಳಾಸ ಬೇಕು. ನನ್ನ ಬಳಿ ಇದ್ದದ್ದು ಮೊಬೈಲ್ ಸಂಖ್ಯೆ ಮತ್ತು ಯುಪಿಐಯಲ್ಲಿ ಕಂಡ ಬೇರೆಯವರ ಹೆಸರು. ಆ ಸಂಖ್ಯೆಯೂ ಈಗ ಸ್ವಿಚ್ ಆಫ್ ಆಗಿದೆ.

ಎಲ್ಲ ವ್ಯಾಪಾರಿಗಳೂ ಹೀಗೆಂದು ನಾನು ಹೇಳುವುದಿಲ್ಲ. ಮಂಡ್ಯದಲ್ಲಿ ಬಿಡಿಭಾಗ ಮಾರುವ ಹಿರಿಯರೊಬ್ಬರಿಂದ ಆಮೇಲೆ ಇನ್ನೊಂದು ಕಾರ್ಬುರೇಟರ್ ಕೊಂಡೆ. "ಇದು ಕಂಪನಿ ಮಾಲಲ್ಲಪ್ಪ, ಈಗ ಮಾಡಿಸಿದ್ದು, ಕೂರದಿದ್ದರೆ ವಾಪಸ್ ತಗೊಂಡು ಬಾ" ಎಂದು ಅವರೇ ಮೊದಲು ಹೇಳಿದರು. ಹೊಸದಾಗಿ ಮಾಡಿಸಿದ ಮಾಲಿನ ಬಗ್ಗೆ ನನಗೆ ತಕರಾರಿಲ್ಲ. ಹಾಗೆಂದು ಹೇಳಿ ಅದರ ಬೆಲೆಗೆ ಮಾರಿದರೆ ಸಾಕು. ಅವರು ಕೊಟ್ಟ ಚೀಟಿಯಲ್ಲಿ ಕಾರ್ಬುರೇಟರಿಗೆ 4,800, ಗ್ಯಾಸ್ಕೆಟ್ಟಿಗೆ 150 ಎಂದು ಬೇರೆಬೇರೆಯಾಗಿ ಬರೆದು, ಕೆಳಗೆ ಅಂಗಡಿಯ ವಿಳಾಸ ಹಾಕಿ ಸಹಿ ಮಾಡಿದ್ದಾರೆ. ರಿಯಾಯಿತಿ ಕೇಳಿದಾಗ 200 ರೂಪಾಯಿ ಬಿಟ್ಟರು. ಅದನ್ನೂ ಕಾರ್ಬುರೇಟರಿನ ಸಾಲಿನ ಎದುರಿಗೇ ಬರೆದರು.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಅದೇ ಕಾರ್ಖಾನೆಯ ಯೆಜ್ದಿ ಗಾಡಿಗಳ ಅಭಿಮಾನಿಗಳು ಆಚರಿಸುವ ಜಾವಾ–ಯೆಜ್ದಿ ದಿನವಾದ್ದರಿಂದ ಅದರ ಆಸುಪಾಸಿನಲ್ಲಿ ಎಲ್ಲರಿಗೂ ಗಾಡಿ ಸಿದ್ಧಪಡಿಸುವ ಅವಸರವಿರುತ್ತದೆ, ಬಿಡಿಭಾಗದ ಬೆಲೆಯೂ ಆಗಲೇ ಏರುತ್ತದೆ. ನಿಮ್ಮ ಮುಂದೆ ಯಾರಾದರೂ ನಾಲ್ಕು ವಸ್ತುಗಳನ್ನು ಒಟ್ಟಿಗೆ ಜೋಡಿಸಿಟ್ಟು ಒಂದೇ ಬೆಲೆ ಹೇಳಿದರೆ, ಅವುಗಳನ್ನು ಬಿಡಿಸಿಟ್ಟು ಒಂದೊಂದರ ಬೆಲೆಯನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ, ಅದಾದ ಮೇಲೆ ಮಾತ್ರ ಇಳಿಸಲು ಕೇಳಿ. ಬರೆದುಕೊಡಲು ಒಪ್ಪದಿದ್ದರೆ ಹಣ ಕೊಡದೆ ಹೊರಟುಬಿಡಿ. ಇನ್ನೊಂದು ಕಾರ್ಬುರೇಟರ್ ಸಿಕ್ಕಲು ನನಗೆ ಬೇಕಾದದ್ದು ಮೂರು ತಿಂಗಳು ಮಾತ್ರ.