ತಂದೆಯ ಪುಸ್ತಕವೋ, ಮಗನದೋ, ಚಲನಚಿತ್ರವೋ?

ಮೆಥಾಂಫೆಟಮೈನ್ ಎಂಬ ಮಾದಕವಸ್ತುವಿನ ಚಟಕ್ಕೆ ಬಿದ್ದ ಮಗನ ಕಥೆಯನ್ನು ಅಮೆರಿಕದ ಪತ್ರಕರ್ತ ಡೇವಿಡ್ ಶೆಫ್ ‘ಬ್ಯೂಟಿಫುಲ್ ಬಾಯ್’ನಲ್ಲಿಯೂ, ಮಗ ನಿಕ್ ‘ಟ್ವೀಕ್’ನಲ್ಲಿಯೂ ಬರೆದರು, ಎರಡೂ 2008ರಲ್ಲಿ ಪ್ರಕಟವಾದವು. 2018ರ ‘ಬ್ಯೂಟಿಫುಲ್ ಬಾಯ್’ ಚಲನಚಿತ್ರ ಇವೆರಡನ್ನೂ ಬೆಸೆದು ಸುಮಾರು ಎರಡು ಗಂಟೆಗೆ ಇಳಿಸಿದೆ. ತಂದೆಯ ಪುಸ್ತಕದಲ್ಲಿ ಮಗ ಚೇತರಿಸಿಕೊಳ್ಳುವುದೂ ಮತ್ತೆ ಜಾರುವುದೂ ಓದುಗರನ್ನೇ ದಣಿಸುವಷ್ಟು ಸಲ ಮರುಕಳಿಸುತ್ತವೆ, ನನ್ನ ಮಟ್ಟಿಗೆ ಆ ದಣಿವೇ ಅದರ ಪ್ರಾಮಾಣಿಕತೆ. ಚಿತ್ರವಾದರೋ ಬಾಲ್ಯದ ನೆನಪುಗಳನ್ನು ನಡುನಡುವೆ ಹೆಣೆದು, ಹಾಡುಗಳನ್ನು ಬೆರೆಸಿ, ಅದನ್ನು ಮೃದುಗೊಳಿಸುತ್ತದೆ. ಪುಸ್ತಕದಲ್ಲಿ ಬರುವ ತಂದೆಯ ಮಿದುಳಿನ ರಕ್ತಸ್ರಾವದ ಪ್ರಸಂಗವೂ ಚಿತ್ರದಲ್ಲಿಲ್ಲ. ಚಟವನ್ನು ಒಳಗಿನಿಂದ ಅರಿಯಬಯಸುವವರು ‘ಟ್ವೀಕ್’ ಓದಲಿ. ಹೆತ್ತವರು ತಂದೆಯ ಪುಸ್ತಕದಿಂದಲೇ ತೊಡಗುವುದು ಲೇಸು. ಸ್ಟೀವ್ ಕರೆಲ್ ಮತ್ತು ಟಿಮೊಥಿ ಶಾಲಮೆ ಅವರ ಅಭಿನಯಕ್ಕಾಗಿ ಚಿತ್ರವನ್ನು ಆಮೇಲೆ ನೋಡಬಹುದು.