ಎಂವಿಸಿ, ಮಾರ್ಫಿಕ್, ಸ್ಪೆಕ್: ಸ್ಮಾಲ್‌ಟಾಕ್‌ನಲ್ಲಿ ಸ್ಕ್ರೀನ್ ಕಟ್ಟೋಕೆ ಯಾವುದು ವಾಸಿ?

ನಾನು ಬರೆದದ್ದು ಸಣ್ಣ ನಿಘಂಟು ಟೂಲ್. ಎಡಕ್ಕೆ ಪದಗಳ ಪಟ್ಟಿ, ಬಲಕ್ಕೆ ಅರ್ಥ, ಮೇಲೆ ಹುಡುಕೋ ಬಾಕ್ಸ್, ಅಷ್ಟೇ. ಸ್ಕ್ವೀಕ್, ಫಾರೋ ಎರಡೂ ಸ್ಮಾಲ್‌ಟಾಕ್ ಪ್ರೋಗ್ರಾಮಿಂಗ್ ಭಾಷೆಯ ರೂಪಗಳು. ಇದನ್ನೇ ಸ್ಕ್ವೀಕ್‌ನ ಎಂವಿಸಿ, ಸ್ಕ್ವೀಕ್‌ನ ಮಾರ್ಫಿಕ್, ಫಾರೋದ ಸ್ಪೆಕ್ 2, ಮೂರರಲ್ಲೂ ಮಾಡಿ ನೋಡಿದೆ. ಕೊನೆಗೆ ಉಳಿಸಿಕೊಂಡದ್ದು ಸ್ಪೆಕ್. ಮುಖ್ಯ ಕಾರಣ ಕನ್ನಡ.

ಮೊದಲು ಎಂವಿಸಿ, ಅಂದರೆ ಮಾಡೆಲ್ (ಡೇಟಾ), ವ್ಯೂ (ಅದನ್ನು ತೋರಿಸೋದು), ಕಂಟ್ರೋಲರ್ (ಮೌಸ್, ಕೀಬೋರ್ಡ್ ನೋಡಿಕೊಳ್ಳೋದು). 1979ರ ಹೊತ್ತಿಗೆ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಟ್ರಿಗ್ವೆ ರೀನ್ಸ್‌ಕೌಗ್ ಯೋಚಿಸಿದ್ದು. ಮಾಡೆಲ್‌ಗೆ ಸ್ಕ್ರೀನ್ ಗೊಡವೆಯೇ ಇಲ್ಲ. ತಾನು ಬದಲಾದಾಗ 'ಚೇಂಜ್ಡ್' ಅನ್ನುತ್ತದೆ, ವ್ಯೂ 'ಅಪ್‌ಡೇಟ್' ಮೆಥಡ್‌ನಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಈ ಭಾಗ ಇವತ್ತಿಗೂ ಚೆಂದ. ಆದರೆ ಕಂಟ್ರೋಲರ್ ಇದೆಯಲ್ಲ, ಅದು ಮೌಸ್ ಎಲ್ಲಿದೆ ಅಂತ ಸುಮ್ನೆ ಕೇಳುತ್ತಲೇ ಕೂತಿರುತ್ತದೆ, ಹಿಡಿತ ಒಂದು ಸಲಕ್ಕೆ ಒಂದೇ ವಿಂಡೋಗೆ. ಓದಿ ಕಲಿಯೋಕೆ ಸರಿ, ಹೊಸ ಕೆಲಸಕ್ಕೆ ಬೇಡ.

ಮಾರ್ಫಿಕ್ ಮಜಾ ಬೇರೆ. ಸನ್ ಕಂಪನಿಯ ಸೆಲ್ಫ್ ಭಾಷೆಗೆ ಜಾನ್ ಮಲೋನಿ ಮತ್ತು ರ‍್ಯಾಂಡಲ್ ಸ್ಮಿತ್ ಮಾಡಿದ್ದು, ಮುಂದೆ ಮಲೋನಿಯೇ ಸ್ಕ್ವೀಕ್‌ಗೆ ತಂದರು. ಸ್ಕ್ರೀನ್ ಮೇಲೆ ಕಾಣುವುದೆಲ್ಲ ಮಾರ್ಫ್. ಒಂದು ಮಾರ್ಫ್‌ನ ಹೇಲೋ ತೆರೆದರೆ ಅದರ ಸುತ್ತ ಪುಟ್ಟ ಬಣ್ಣದ ಹಿಡಿಗಳು ಬರುತ್ತವೆ, ಅವುಗಳಿಂದ ಓಡುತ್ತಿರುವ ಟೂಲ್‌ನ ಬಟನ್ನನ್ನೇ ಕಿತ್ತು ಆಚೆ ಇಡಬಹುದು, ತಿರುಗಿಸಬಹುದು, ಅದರ ಒಳಗೆ ಏನಿದೆ ಅಂತ ಇನ್‌ಸ್ಪೆಕ್ಟರ್‌ನಲ್ಲಿ ನೋಡಬಹುದು. ಇದರ ರುಚಿ ಹತ್ತಿದ ಮೇಲೆ ಬೇರೆ ಟೂಲ್‌ಕಿಟ್‌ಗಳು ಸಪ್ಪೆ ಅನ್ನಿಸುತ್ತವೆ. ತೊಂದರೆ ಎಲ್ಲಿ ಅಂದರೆ, ಚಿತ್ರ ಬಿಡಿಸೋದು, ಕ್ಲಿಕ್ ನೋಡಿಕೊಳ್ಳೋದು, ಡೇಟಾ ಇಟ್ಟುಕೊಳ್ಳೋದು ಎಲ್ಲಾ ಒಂದೇ ಕ್ಲಾಸಿಗೆ ಬಂದು ಸೇರಿಕೊಳ್ಳುತ್ತದೆ. ಯಾರೂ ತಡೆಯೋದಿಲ್ಲ. ಜೊತೆಗೆ ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಕೂಡಿಕೊಳ್ಳಲಿಲ್ಲ. 'ಅಕ್ಕ' ಅಂತ ಕೊಟ್ಟರೆ ಅ, ಕ್, ಕ ಅಂತ ಬಿಡಿಬಿಡಿ. ನಿಘಂಟು ಟೂಲ್‌ನಲ್ಲಿ ಹೀಗಾದರೆ ಮುಗೀತಲ್ವಾ?

ಸ್ಪೆಕ್‌ನಲ್ಲಿ ನಾವು ಬರೆಯೋದು ಪ್ರೆಸೆಂಟರ್, ಅಂದರೆ ಸ್ಕ್ರೀನ್ ಹೇಗಿರಬೇಕು, ಹೇಗೆ ನಡೆಯಬೇಕು ಅಂತ ಹೇಳುವ ಕ್ಲಾಸ್. ವಿಂಡೋಸ್‌ಗೆ ಇರುವ ಡಾಲ್ಫಿನ್ ಸ್ಮಾಲ್‌ಟಾಕ್‌ನ ಎಂವಿಪಿ (ಮಾಡೆಲ್-ವ್ಯೂ-ಪ್ರೆಸೆಂಟರ್) ನೋಡಿದವರಿಗೆ ಇದು ಹೊಸದಲ್ಲ. ಯಾವ ಯಾವ ಭಾಗ ಬೇಕು ಅನ್ನೋದು ಒಂದು ಮೆಥಡ್, ಎಲ್ಲೆಲ್ಲಿ ಕೂರಬೇಕು ಅನ್ನೋದು ಇನ್ನೊಂದು, ಯಾವುದು ಬದಲಾದರೆ ಏನಾಗಬೇಕು ಅನ್ನೋದು ಮತ್ತೊಂದು. ಸ್ಕ್ರೀನ್ ಮೇಲೆ ಬಿಡಿಸುವ ಕೆಲಸ ಕೆಳಗಿರುವ ಬ್ಯಾಕೆಂಡ್‌ನದು, ಮಾಮೂಲಿಗೆ ಅದು ಫಾರೋದ ಮಾರ್ಫಿಕ್. ಅದನ್ನು ತೆಗೆದು ಜಿಟಿಕೆ 3 ಅನ್ನೋ ಸ್ಕ್ರೀನ್ ಟೂಲ್‌ಕಿಟ್ ಹಾಕಿದೆ. ಅಕ್ಷರ ಜೋಡಿಸೋದು ಆಗ ಜಿಟಿಕೆ ಬಳಸುವ ಪಠ್ಯ ಲೈಬ್ರರಿ ಪ್ಯಾಂಗೋ ಪಾಲಿಗೆ ಬಂತು, ಒತ್ತಕ್ಷರ ಸರಿಯಾಗಿ ಕೂತವು. ನನ್ನ ಪ್ರೆಸೆಂಟರ್ ಕೋಡ್ ಹಾಗೇ ಇತ್ತು.

ಕಿರಿಕಿರಿ ಇಲ್ಲ ಅಂತಲ್ಲ. ಜಿಟಿಕೆ ಬೆಂಬಲ ಬೇರೆಯಾಗಿ ಲೋಡ್ ಮಾಡಬೇಕು. ಎರರ್ ಬಂದರೆ ಡಿಬಗರ್‌ನಲ್ಲಿ, ಪ್ರೆಸೆಂಟರನ್ನು ಬ್ಯಾಕೆಂಡ್‌ಗೆ ಜೋಡಿಸುವ ಅಡಾಪ್ಟರ್ ಕ್ಲಾಸುಗಳ ಸಾಲು ದಾಟಿಯೇ ನಮ್ಮ ಕೋಡ್ ಸಿಗೋದು. ಸ್ವಂತ ಗ್ರಾಫ್ ಗೀಫ್ ಬೇಕು ಅಂತ ಒಳಗೆ ಮಾರ್ಫ್ ಸೇರಿಸಿದರೆ ಆ ಭಾಗ ಜಿಟಿಕೆಯಲ್ಲಿ ನಡೆಯೋದಿಲ್ಲ. ಜಿಟಿಕೆ ವಿಂಡೋಗೆ ಹೇಲೋ ಕೂಡ ಇಲ್ಲ, ಅದು ನನಗೆ ಜಾಸ್ತಿ ಬೇಜಾರು.

ಹಾಗಾಗಿ ಪಟ್ಟಿ, ಫಾರ್ಮ್, ಕನ್ನಡ ಪಠ್ಯ ಇರುವ ಟೂಲ್‌ಗೆ ಸ್ಪೆಕ್. ಚೆಂಡು ಪುಟಿಯುವ ಸಿಮ್ಯುಲೇಶನ್‌ಗೆ, ಮಕ್ಕಳಿಗೆ ತೋರಿಸೋಕೆ, ಕಣ್ಣು ಮುಚ್ಚಿಕೊಂಡು ಮಾರ್ಫಿಕ್. ವಿಂಡೋಸ್ ಒಂದೇ ಸಾಕು ಅನ್ನುವವರು ಡಾಲ್ಫಿನ್ ಕೂಡ ನೋಡಿ, ಅದರ ಬಟನ್ನು, ಪಟ್ಟಿ ಎಲ್ಲಾ ವಿಂಡೋಸ್‌ನವೇ.